ಇಪ್ಪತ್ತೊಂದು ಉದ್ಧರಣೆ

ಪುಣೆ, ಸದಾಶಿವ ಪೇಠ
೨೨ ಅಕ್ಟೋಬರ ೧೯೩೪

ಚಿ. ಯಜ್ಞೇಶ್ವರನಿಗೆ ಅಕ್ಕ ಅಂಬಾಬಾಯಿಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿಯ ಕ್ಷೇಮದ ಬಗ್ಗೆ ನೀನು ಬರೆದದ್ದನ್ನು ನಾನು ನಂಬುವುದಿಲ್ಲ.

ಬನ್ನಿಯ ಎಲೆ ಇಟ್ಟು ಕಳಿಸಿದ ನಿನ್ನ ದಸರೆಯ ಕಾಗದ ಮುಟ್ಟಿತು. "ಎಲ್ಲರೂ ಆರಾಮ ಇದ್ದೇವೆ" ಎಂದು ಬರೆದಿದ್ದೀಯಲ್ಲ, ಆ 'ಆರಾಮ' ಎಂಬ ಶಬ್ದವೇ ನಾಲ್ಕು ಕಡೆ ನಡುಗಿದೆ. ನಿಮ್ಮ ಭಾವನವರು ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ನೋಡಿ, "ಇದು ಯಜ್ಞನ ಅಕ್ಷರ ಅಲ್ಲ, ಯಾರ ಕಡಿಂದನೋ ಬರಸ್ಯಾನ" ಎಂದರು. "ಅಕ್ಷರ ಅವಂದ ಅದರಿ, ಕೈ ಅವಂದಲ್ಲ" ಎಂದೆ ನಾನು.

ಅಪ್ಪ ಮರಳಿನ ತಟ್ಟೆಯಲ್ಲಿ ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅಪ್ಪನ ಕೈಯೇ ಮಗನಿಗೆ ಬಂದಿದೆ ಎಂದು ಧಾರವಾಡದ ಓಣಿಗೆ ಓಣಿಯೇ ಹೇಳುತ್ತಿತ್ತು. ನಾನು ರಂಗೋಲಿ ಹಾಕುವಾಗ ನೀನು ಉಸಿರು ಹಿಡಿದು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಎಳೆಯಲ್ಲಿ ಗೆರೆ ಎಳೆದುಬಿಡುತ್ತಿದ್ದೆ. ಅದೇ ಗೆರೆ ನಿನಗೆ ರೇಲ್ವೆಯಲ್ಲಿ ಅನ್ನ ಹಾಕಿತು.

ಈಗ ನನ್ನದೊಂದು ಕೆಲಸ. ನಮ್ಮ ಇಂದುವಿಗೆ ಮದುವೆಯಾದ ಮೇಲೆ ಬರುವುದು ಮೊದಲನೆಯ ಚೈತ್ರಗೌರಿ. ಅವಳ ಅತ್ತೆ, "ನಿಮ್ಮ ಸೋದರಮಾವ ನಕಾಶಿ ತೆಗೀತಾರಂತಲ್ಲ, ಅವರ ಕೈಲೆ ಚೈತ್ರದ ರಂಗೋಲಿ ಬರಸಿ ತರಸು, ನೋಡೂಣು" ಎಂದಿದ್ದಾರೆ. ತುಳಸಿಕಟ್ಟೆ, ತೊಟ್ಟಿಲು, ಆನೆ, ಆಮೆ ಎಲ್ಲ ಬರಬೇಕು. ಸ್ಕೇಲು ಹಿಡಿಯದೆ ಹಾಳೆಯ ಮೇಲೆ ಬರೆದು ಕಳಿಸು. ಯುಗಾದಿಯವರೆಗೆ ವೇಳೆ ಇದೆ. ಅದರೊಳಗೆ ಕೈಗೆ ಏನಾಗಿದೆ ಎಂದೂ ಬರೆ.

ಅಂಬಾಬಾಯಿ


ಹಳೇ ಹುಬ್ಬಳ್ಳಿ
೩೦ ಅಕ್ಟೋಬರ ೧೯೩೪

ತೀರ್ಥರೂಪ ಸಮಾನ ಅಕ್ಕನಿಗೆ ಯಜ್ಞೇಶ್ವರನ ಸಾಷ್ಟಾಂಗ ನಮಸ್ಕಾರಗಳು.

ನಿಬ್ಬು ಕೆಟ್ಟಿತ್ತು ಎಂದು ಬರೆಯಲು ಕುಳಿತಿದ್ದೆ. ನೀನು ನಂಬುವುದಿಲ್ಲವೆಂದು ಆ ಹಾಳೆಯನ್ನು ಹರಿದೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಸಾಹೇಬರು ಪೆನ್ಸಿಲಿನಲ್ಲಿ ತೆಗೆದ ನಕಾಶೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆ ಮಸಿಯ ಗೆರೆ ಎಳೆಯುವುದು. ಕೂದಲೆಳೆಯಷ್ಟು ಆಚೆ ಈಚೆ ಆಗುವಂತಿಲ್ಲ. ಆರು ತಿಂಗಳಿಂದ ಬೆಳಿಗ್ಗೆ ಕೈ ನಡುಗುತ್ತಿದೆ. ಹೋದ ತಿಂಗಳು ಒಂದು ಸೇತುವೆಯ ನಕಾಶೆಯಲ್ಲಿ ನಟ್ಟನಡುವಿನ ಕಂಬದ ಮೇಲೆ ಮಸಿ ಚೆಲ್ಲಿದೆ. ಬಾಜೂ ಮೇಜಿನ ಕಮರುದ್ದೀನ ಸಾಹೇಬರು ತಮ್ಮ ಊಟದ ಸುಟ್ಟಿಯಲ್ಲಿ ಕೂತು ನನ್ನ ಗೆರೆಗಳನ್ನು ತಿದ್ದಿ ಕೊಡುತ್ತಿದ್ದರು. ಅದೂ ದೊಡ್ಡ ಸಾಹೇಬರ ಕಣ್ಣಿಗೆ ಬಿತ್ತು. ಯುಗಾದಿಯ ಮುಂಚೆ ಒಂದು ಪೂರಾ ನಕಾಶೆಯನ್ನು ತಮ್ಮ ಎದುರಿಗೆ ತೆಗೆದು ತೋರಿಸಬೇಕು, ಇಲ್ಲದಿದ್ದರೆ ಗೋದಾಮಿನಲ್ಲಿ ಸಾಮಾನು ಎಣಿಸುವ ಕೆಲಸಕ್ಕೆ ಹಾಕುತ್ತೇನೆ ಎಂದಿದ್ದಾರೆ. ಹದಿನೆಂಟು ವರ್ಷ ಗೆರೆ ಎಳೆದ ಕೈ ಅಕ್ಕಾ. ಮನೆಯಲ್ಲಿ ಲಕ್ಷ್ಮಿಗೆ ಇದನ್ನು ಹೇಳಿಲ್ಲ. ನೀನೂ ಅವಳಿಗೆ ಬರೆಯಬೇಡ.

ದುರ್ಗದಬೈಲಿನ ಡಾಕ್ಟರ ವೆಂಕಣ್ಣನವರಿಗೆ ತೋರಿಸಿದೆ. ಹೊಟ್ಟೆ ಉರಿಯುತ್ತದೆ, ನಟ್ಟಿರುಳು ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಇವನ್ನೂ ಹೇಳಿದೆ. ಅವರು ಕಾರಣ ಕೇಳಿದರು. ಹೇಳಲೇಬೇಕಾಯಿತು. ಆಫೀಸು ಬಿಟ್ಟ ಮೇಲೆ ಗೆಳೆಯರ ಜೊತೆ ಸ್ಟೇಶನ್ ಬಾಜುವಿಗೆ 'ತೀರ್ಥ' ತೆಗೆದುಕೊಳ್ಳುವ ರೂಢಿ ಆಗಿದೆ. ಮೂರು ವರ್ಷದ ಹಿಂದೆ ಹಬ್ಬಕ್ಕೊಮ್ಮೆ ಇತ್ತು, ಈಗ ದಿನಾ. ಡಾಕ್ಟರು, "ಕಡಿಮಿ ಮಾಡ್ರಿ ರಾಯರ. ಒಮ್ಮೆಲೇ ಬಿಟ್ಟೀರಿ ಅಂದ್ರ ಮೈ ತಡಕೊಳ್ಳೂದಿಲ್ಲ. ಅಳತಿ ಹಿಡದು ಕಡಿಮಿ ಮಾಡ್ರಿ" ಎಂದರು.

ನಿನಗೆ ತಿಳಿಯಿತೆಂದು ಭಾವಿಸುತ್ತೇನೆ. ಇದಕ್ಕಿಂತ ಬಿಡಿಸಿ ಬರೆಯುವ ಧೈರ್ಯ ನನಗಿಲ್ಲ.

ಯಜ್ಞೇಶ್ವರ


ಪುಣೆ
೪ ನವೆಂಬರ ೧೯೩೪

ಚಿ. ಯಜ್ಞೇಶ್ವರನಿಗೆ ದೀಪಾವಳಿಯ ಆಶೀರ್ವಾದಗಳು.

ಕಾಗದ ಓದಿ ಕಣ್ಣಲ್ಲಿ ನೀರು ಬಂತು. ದಿನಾ ತೀರ್ಥ ತೆಗೆದುಕೊಳ್ಳುವಷ್ಟು ಭಕ್ತಿ ನಮ್ಮ ಮನೆತನದಲ್ಲಿ ಯಾರಿಗೆ ಬಂದಿತ್ತು! ಸ್ಟೇಶನ್ ಬಾಜುವಿಗೆ ಯಾವ ಗುಡಿ ಇದೆಯೆಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಹೊಸದಾಗಿ ಕಟ್ಟಿರಬೇಕು.

ಆದರೆ ತೀರ್ಥವಾದರೂ ಲೆಕ್ಕ ತಪ್ಪಿದರೆ ಫಲ ಕೊಡುವುದಿಲ್ಲ, ತಿರುಗಿ ಕಾಡುತ್ತದೆ. ನಿಮ್ಮ ಡಾಕ್ಟರು ಜಾಣರು. ಅದಕ್ಕಾಗಿ ಒಂದು ವ್ರತ ಹೇಳುತ್ತೇನೆ, ಅವ್ವನಿಂದ ಬಂದದ್ದು. ಇದರ ಜೊತೆಗೆ ಪಾರ್ಸಲಿನಲ್ಲಿ ಅಪ್ಪನ ಬೆಳ್ಳಿಯ ಉದ್ಧರಣೆ ಕಳಿಸಿದ್ದೇನೆ. ತುದಿಯಲ್ಲಿ ಹಾವಿನ ಹೆಡೆ ಇರುವ ಸಣ್ಣ ಚಮಚೆ, ನೋಡಿದರೆ ಗುರುತು ಸಿಗುತ್ತದೆ.

ಬಲಿಪಾಡ್ಯಮಿಯಿಂದ ಸುರು ಮಾಡು. ಮೊದಲ ಪಕ್ಷ ಪೂರ್ತಿ ದಿನಕ್ಕೆ ಇಪ್ಪತ್ತೊಂದು ಉದ್ಧರಣೆ, ಗಣಪತಿಯ ಹೆಸರಿನಲ್ಲಿ. ಮುಂದಿನ ಪಕ್ಷಕ್ಕೆ ಹದಿನಾರು. ಆಮೇಲೆ ಹನ್ನೆರಡು, ಒಂಬತ್ತು, ಏಳು, ಐದು, ಕಡೆಗೆ ಮೂರು. ಏಳು ಪಕ್ಷಕ್ಕೆ ಮುಗಿಯುತ್ತದೆ. ಹೆಚ್ಚು ಆಗಬಾರದು, ಅವಸರ ಮಾಡಿ ಒಮ್ಮೆಲೇ ಇಳಿಸಲೂ ಬಾರದು. ಬರೀ ಹೊಟ್ಟೆಯಲ್ಲಿ ಅಲ್ಲ, ರಾತ್ರಿ ಊಟ ಆದ ಮೇಲೆಯೇ. ಹೊರಗೆಲ್ಲೂ ಅಲ್ಲ, ಮನೆಯಲ್ಲಿಯೇ. ನಿನ್ನ ಕೈಯಿಂದ ಹಾಕಿಕೊಳ್ಳಬಾರದು, ಲಕ್ಷ್ಮೀಬಾಯಿ ಎಣಿಸಿ ಹಾಕಬೇಕು. ಈ ಉದ್ಧರಣೆಯನ್ನು ದೇವರ ಮನೆಯೊಳಗೆ ಒಯ್ಯಬೇಡ. ಅಡುಗೆಮನೆಯ ಗೂಡಿನಲ್ಲಿ ಬೇರೆಯಾಗಿ ಇಡು. ಯಾಕೆ ಎಂದು ಕೇಳಬೇಡ, ಹಿರಿಯರ ಪದ್ಧತಿ.

ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ. ಹಳ್ಳ ಬತ್ತುವುದೂ ಹನಿ ಹನಿಯಾಗಿಯೇ.

ಅಂಬಾಬಾಯಿ


ಹಳೇ ಹುಬ್ಬಳ್ಳಿ
೨೪ ನವೆಂಬರ ೧೯೩೪

ತೀರ್ಥರೂಪ ಸಮಾನ ಅಕ್ಕನಿಗೆ ನಮಸ್ಕಾರಗಳು.

ಉದ್ಧರಣೆ ಮುಟ್ಟಿತು. ನೀನು ಬರೆದಂತೆಯೇ ವ್ರತ ಹಿಡಿದಿದ್ದೇನೆ. ಲಕ್ಷ್ಮಿ ಗಟ್ಟಿಯಾಗಿ ಎಣಿಸಿ ಹಾಕುತ್ತಾಳೆ. "ಇಪ್ಪತ್ತಾ ಒಂದು. ಆತು, ಏಳ್ರಿ" ಎನ್ನುತ್ತಾಳೆ. ನಾನು ಹದಿನೇಳನ್ನು ಎರಡು ಸಲ ಎಣಿಸಿದರೆ ಹಿಡಿದುಬಿಡುತ್ತಾಳೆ.

ಮೊದಲ ನಾಲ್ಕು ದಿನ ಬಹಳ ತ್ರಾಸಾಯಿತು. ಮೈಯೆಲ್ಲ ಬೆವರು, ಸಂಜೆಯಾದರೆ ಕಾಲು ತಾನೇ ಸ್ಟೇಶನ್ ಕಡೆ ತಿರುಗುತ್ತಿತ್ತು. ಕಮರುದ್ದೀನ ಸಾಹೇಬರು ದಿನಾ ನನ್ನ ಜೊತೆ ಮನೆಯ ಬಾಗಿಲವರೆಗೂ ನಡೆದು ಬಂದು, "ಇನ್ನ ಒಳಗ ಹೋಗ್ರಿ, ನಾ ನೋಡತೇನಿ" ಎಂದು ನಿಲ್ಲುತ್ತಿದ್ದರು. ಅವರ ಮನೆ ಇರುವುದು ಊರಿನ ಆ ತುದಿಗೆ.

ಮೊನ್ನೆಯಿಂದ ಹದಿನಾರು. ಕೈ ಇನ್ನೂ ನಡುಗುತ್ತದೆ. ರಂಗೋಲಿಯನ್ನು ಸದ್ಯ ಕೇಳಬೇಡ.

ಒಂದು ಸಂಶಯ. ಇಷ್ಟೊಂದು ಉದ್ಧರಣೆ ತೀರ್ಥವನ್ನು ಊಟವಾದ ಮೇಲೆ ತೆಗೆದುಕೊಳ್ಳುವ ವ್ರತವನ್ನು ನಾನು ಬೇರೆ ಯಾರ ಮನೆಯಲ್ಲೂ ನೋಡಿಲ್ಲ.

ಯಜ್ಞೇಶ್ವರ


ಪುಣೆ
೩ ದಿಸೆಂಬರ ೧೯೩೪

ಚಿ. ಯಜ್ಞೇಶ್ವರನಿಗೆ ಆಶೀರ್ವಾದ.

ಬೇರೆಯವರ ಮನೆಯನ್ನು ಯಾಕೆ ನೋಡುತ್ತೀ? ವ್ರತ ನಿನ್ನದು.

ಹೊಟ್ಟೆಯ ಉರಿ ಎಷ್ಟಕ್ಕೆ ಇಳಿದಿದೆ, ಊಟಕ್ಕೆ ಎಷ್ಟು ಜೋಳದ ಭಕ್ಕರಿ ಹೋಗುತ್ತವೆ, ಎಷ್ಟು ತಾಸು ನಿದ್ದೆ, ಇಷ್ಟು ಬರೆ. ಭಕ್ತಿಯ ಮಾತು ಬೇಡ.

ಅಂಬಾಬಾಯಿ


ಹಳೇ ಹುಬ್ಬಳ್ಳಿ
೨೯ ದಿಸೆಂಬರ ೧೯೩೪

ತೀರ್ಥರೂಪ ಸಮಾನ ಅಕ್ಕನಿಗೆ ನಮಸ್ಕಾರಗಳು.

ನೀನು ಕೇಳಿದ್ದಕ್ಕೆ ಉತ್ತರ: ಮೊದಲು ಒಂದು ಭಕ್ಕರಿ, ಈಗ ಎರಡೂವರೆ. ಉರಿ ವಾರಕ್ಕೆ ಒಂದೆರಡು ಸಲ.

ಆದರೆ ವ್ರತ ಮುರಿಯಿತು. ಒಂಬತ್ತಕ್ಕೆ ಬಂದಿದ್ದೆ. ಕಿರಿಸ್ತಾನರ ನಾತಾಳದ ಹಬ್ಬಕ್ಕೆ ರೇಲ್ವೆಯ ಗಾರ್ಡು ಸಾಹೇಬರ ಮನೆಗೆ ಕರೆದಿದ್ದರು. ಅಲ್ಲಿ ಎಣಿಸುವವರು ಯಾರೂ ಇರಲಿಲ್ಲ. ಮರುದಿನ ಎದ್ದಾಗ ಕೈ ಮತ್ತೆ ದಸರೆಯ ಕೈಯೇ ಆಗಿತ್ತು. ಹೊಟ್ಟೆಯಲ್ಲಿ ಬೆಂಕಿ. ಏಳು ವಾರ ಮಾಡಿದ್ದು ಒಂದು ರಾತ್ರಿಗೆ ಹೋಯಿತು. ನನ್ನಂಥವನಿಗೆ ಗೋದಾಮೇ ಸರಿ ಎನಿಸಿದೆ.

ಯಜ್ಞೇಶ್ವರ


ಪುಣೆ
೯ ಜನೆವರಿ ೧೯೩೫

ಚಿ. ಯಜ್ಞೇಶ್ವರನಿಗೆ ಸಂಕ್ರಾಂತಿಯ ಆಶೀರ್ವಾದ. ಕುಸುರೆಳ್ಳು ಕಳಿಸಿದ್ದೇನೆ. ಮೊದಲು ಬಾಯಿಗೆ ಹಾಕಿಕೋ, ಆಮೇಲೆ ಓದು.

ಕಿರಿಸ್ತಾನರ ಮನೆಯಲ್ಲೂ ತೀರ್ಥ ಕೊಡುತ್ತಾರೆಂದು ಈ ವಯಸ್ಸಿಗೆ ತಿಳಿದುಕೊಂಡೆ.

ಎಡವಿದ ಕಾಲೇ ಎಡವುವುದು. ಅದಕ್ಕೆ ಕಾಲು ಕಡಿದುಕೊಳ್ಳುತ್ತಾರೇನು? ಏಳು ವಾರ ಎಲ್ಲಿಗೂ ಹೋಗಿಲ್ಲ. ಆ ಎರಡೂವರೆ ಭಕ್ಕರಿ ನಿನ್ನ ಮೈಯಲ್ಲೇ ಇವೆ. ತಿರುಗಿ ಇಪ್ಪತ್ತೊಂದಕ್ಕೆ ಹೋಗುವ ಕಾರಣವಿಲ್ಲ. ಒಂಬತ್ತರಲ್ಲಿ ಬಿದ್ದಿದ್ದೀ, ಒಂಬತ್ತರಿಂದಲೇ ಏಳು. ಅವ್ವನ ವ್ರತದಲ್ಲಿ ಇದಕ್ಕೂ ಜಾಗ ಇದೆ. ಅವಳು ಕಂಡ ಮನುಷ್ಯರೂ ಎಡವಿದವರೇ.

ಇನ್ನು ಹಬ್ಬಕ್ಕೆ ಕರೆದವರ ಮನೆಗೆ ಹೋಗುವಾಗ ಲಕ್ಷ್ಮೀಬಾಯಿಯನ್ನೂ ಕರೆದುಕೊಂಡು ಹೋಗು.

ಅಂಬಾಬಾಯಿ


ಹಳೇ ಹುಬ್ಬಳ್ಳಿ
೨೦ ಫೆಬ್ರುವರಿ ೧೯೩೫

ತೀರ್ಥರೂಪ ಸಮಾನ ಅಕ್ಕನಿಗೆ ನಮಸ್ಕಾರಗಳು.

ಇವತ್ತಿಗೆ ಮೂರು. ಈ ಕಾಗದವನ್ನು ಭಾವನವರಿಗೆ ತೋರಿಸು, ಯಾರ ಅಕ್ಷರ ಎಂದು ಕೇಳು.

ಭಕ್ಕರಿ ನಾಲ್ಕು. ನಿದ್ದೆಯ ಮಾತು ಕೇಳಬೇಡ, ಮಲಗಿದರೆ ಮಿಲ್ಲಿನ ಭೋಂಗಾ ಕೂಗಿದಾಗಲೇ ಎಚ್ಚರ. ಮೊದಲು ಬೆಳಿಗ್ಗೆ ಮುಖ ಉಬ್ಬಿ ಕಣ್ಣು ತೆರೆಯುತ್ತಿರಲಿಲ್ಲ. ಈಗ ಗಡ್ಡವನ್ನು ನಾನೇ ಮಾಡಿಕೊಳ್ಳುತ್ತೇನೆ, ಒಂದು ಗಾಯವಿಲ್ಲ. ಹೊಟ್ಟೆ ಉಬ್ಬಿ ಕೋಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ, ಈಗ ಬರುತ್ತದೆ. ಡಾಕ್ಟರು ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿ, "ಬಾವು ಇಳದದ ರಾಯರ. ಇನ್ನ ನನ್ನ ಕಡೆ ಬರಬ್ಯಾಡ್ರಿ, ಗಿರಾಕಿ ಹೋತು" ಎಂದು ನಕ್ಕರು. ಎಲ್ಲಕ್ಕಿಂತ ಹೆಚ್ಚಾಗಿ, ಲಕ್ಷ್ಮಿಯ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುವುದು ನಿಂತಿದೆ. ಅವಳು ಅಡುಗೆ ಮಾಡುವಾಗ ಹಾಡತೊಡಗಿದ್ದಾಳೆ. ಮೂರು ವರ್ಷ ಹಾಡಿರಲಿಲ್ಲ ಎಂಬುದು ಈಗ ಹಾಡಿದಾಗ ನನ್ನ ಲಕ್ಷ್ಯಕ್ಕೆ ಬಂತು. ಸಾಹೇಬರ ಮಾತನ್ನೂ ಅವಳಿಗೆ ಹೇಳಿಬಿಟ್ಟೆ. "ನನಗ ದೀಪಾವಳಿಗೇ ಗೊತ್ತಿತ್ತರಿ" ಎಂದಳು. ಯಾರು ಹೇಳಿದರೆಂದು ಹೇಳಲಿಲ್ಲ.

ಸೇತುವೆಯ ನಕಾಶೆಯನ್ನು ಕಮರುದ್ದೀನ ಸಾಹೇಬರ ಎದುರಿಗೆ ಒಂದು ಸಲ ತೆಗೆದು ನೋಡಿದೆ. ಬೆಳಕಿಗೆ ಹಿಡಿದು, "ಇದು ನಿಮ್ಮ ಗೆರಿನೋ ನಂದೋ ನನಗ ತಿಳೀವಲ್ದರಿ ರಾಯರ" ಎಂದರು.

ನಿನ್ನ ವ್ರತದ ಪುಣ್ಯ.

ಯಜ್ಞೇಶ್ವರ


ಪುಣೆ
೨ ಮಾರ್ಚ ೧೯೩೫

ಚಿ. ಯಜ್ಞೇಶ್ವರನಿಗೆ ಅನೇಕ ಆಶೀರ್ವಾದಗಳು.

ಭಾವನವರು ಅಕ್ಷರ ನೋಡಿ ಚಾಳೀಸು ಒರೆಸಿಕೊಂಡರು.

ಈಗೊಂದು ಮಾತು. ನಿನ್ನ ತೀರ್ಥದ ವ್ರತವನ್ನು ಕೇಳಿ ನಮ್ಮ ಅತ್ತೆಯವರಿಗೆ ಬಹಳ ಸಂತೋಷವಾಗಿದೆ. ಎಂಬತ್ತು ದಾಟಿದ ಜೀವ. ರಾಮನವಮಿಗೆ ನೀನು ಪುಣೆಗೆ ಬಂದು, ಅದೇ ಉದ್ಧರಣೆಯಿಂದ ನಿನ್ನ ಕೈಯಾರೆ ತಮಗೆ ತೀರ್ಥ ಕೊಡಬೇಕಂತೆ. ಮನೆಯವರೆಲ್ಲ ಸಾಲಾಗಿ ಕೂಡುತ್ತಾರೆ. ಏನು ಹೇಳಲಿ?

ಅಂಬಾಬಾಯಿ


ಹಳೇ ಹುಬ್ಬಳ್ಳಿ
೧೧ ಮಾರ್ಚ ೧೯೩೫

ಅಕ್ಕಾ,

ಆ ಉದ್ಧರಣೆಯಿಂದ ನಿಮ್ಮ ಅತ್ತೆಯವರಿಗೆ ತೀರ್ಥ ಕೊಡಲಾಗುವುದಿಲ್ಲ. ಅದರಲ್ಲಿ ನಾನು ಒಂದು ದಿನವೂ ತೀರ್ಥ ತೆಗೆದುಕೊಂಡಿಲ್ಲ. ಬ್ರಾಂಡಿ ತೆಗೆದುಕೊಂಡಿದ್ದೇನೆ.

ಸ್ಟೇಶನ್ ಬಾಜುವಿಗೆ ಗುಡಿ ಇಲ್ಲ ಅಕ್ಕಾ, ಅಂಗಡಿ ಇದೆ. ಆಫೀಸಿನಲ್ಲಿ ನಾವೆಲ್ಲ ಅದಕ್ಕೆ ತೀರ್ಥ ಅನ್ನುತ್ತೇವೆ. ದೀಪಾವಳಿಯ ಮುಂಚಿನ ಕಾಗದದಲ್ಲಿ ಆ ಶಬ್ದ ಬರೆದಾಗ ನೀನು ತಿಳಿದುಕೊಂಡು ನನ್ನನ್ನು ಬೈಯಲಿ ಎಂದೇ ಬರೆದಿದ್ದೆ. ನೀನು ಖರೇ ತೀರ್ಥ ಎಂದು ತಿಳಿದೆ. ನನಗೆ ಅದು ಅನುಕೂಲವಾಯಿತು. ಸುಮ್ಮನಾದೆ.

ಉದ್ಧರಣೆ ಬಂದ ದಿನ ಡಾಕ್ಟರ ಮಾತು ನೆನಪಾಯಿತು. "ದಿನಾ ನೂಲಿನೆಳಿಯಷ್ಟು ಗೆರಿ ಅಳೀತೀರಿ, ಸಂಜಿಕೆ ಕುಡಿಯೂದನ್ನ ಒಮ್ಮೆರೆ ಅಳದೀರೇನು?" ಎಂದು ಕೇಳಿದ್ದರು. ಅಳತೆ ಎದುರಿಗೇ ಇತ್ತು, ಲೆಕ್ಕವನ್ನೂ ನೀನೇ ಬರೆದು ಕೊಟ್ಟಿದ್ದೆ. ಲಕ್ಷ್ಮಿ, "ದೇವರ ಉದ್ಧರಣ್ಯಾಗ ಅದನ್ನ ಹಾಕತೀರೇನು? ನಿಮಗ ಖಬರ ಅದನೋ ಇಲ್ಲೋ?" ಎಂದು ಅತ್ತಳು. ಮೂರನೆಯ ದಿನ ತಾನೇ ಉದ್ಧರಣೆ ತಂದು ಕುಳಿತು, "ಪಾಪ ಬಂದ್ರ ನನಗ ಬರಲಿ, ಎಣಸತೇನಿ" ಎಂದಳು. ನಾನು ಬದುಕಿದ್ದು ಆ ಎಣಿಕೆಯಿಂದ.

ನನ್ನ ಆರೋಗ್ಯದ ಬಗ್ಗೆ ಬರೆದದ್ದೆಲ್ಲ ನಿಜ. ಅದರ ಹೆಸರು ಮಾತ್ರ ಸುಳ್ಳು. ಅಪ್ಪನ ಉದ್ಧರಣೆಯನ್ನು ಮೈಲಿಗೆ ಮಾಡಿದೆ. ಅಪ್ಪನಂಥ ಮನುಷ್ಯನ ವಸ್ತುವನ್ನು ಮುಟ್ಟುವ ಯೋಗ್ಯತೆ ನನಗಿಲ್ಲ ಎಂದು ದಿನಾ ಅನಿಸುತ್ತದೆ. ನಿನ್ನ ಸಿಟ್ಟು ಎಷ್ಟಿದ್ದರೂ ಬರೆ. ಬರೆಯದೆ ಮಾತ್ರ ಇರಬೇಡ.

ಯಜ್ಞ


ಹಳೇ ಹುಬ್ಬಳ್ಳಿ
೨೫ ಮಾರ್ಚ ೧೯೩೫

ಅಕ್ಕಾ, ಎರಡು ವಾರವಾಯಿತು. ಟಪಾಲಿನವನು ಓಣಿಗೆ ಬಂದರೆ ನಾನೇ ಎದುರಿಗೆ ಹೋಗುತ್ತೇನೆ. ಸಾಹೇಬರ ಎದುರಿಗೆ ನಕಾಶೆ ತೆಗೆಯುವುದು ಏಪ್ರಿಲ ಒಂದಕ್ಕೆ ಗೊತ್ತಾಗಿದೆ. ನಿನ್ನ ಕಾಗದ ಬಾರದೆ ನಾನು ಆ ಮೇಜಿನ ಮುಂದೆ ಹೇಗೆ ಕೂಡಲಿ?

ಯಜ್ಞ


ಪುಣೆ
೨೮ ಮಾರ್ಚ ೧೯೩೫

ಯಜ್ಞಾ,

ತಡವಾದದ್ದು ಸಿಟ್ಟಿನಿಂದ ಅಲ್ಲ. ಮೂರು ಸಲ ಬರೆದು ಒಲೆಗೆ ಹಾಕಿದೆ. ಅವ್ವನಿಗೆ ಕೊಟ್ಟ ಮಾತನ್ನು ಮೂವತ್ತೈದು ವರ್ಷದ ಮೇಲೆ ಮುರಿಯುವುದು ಹಗುರಲ್ಲ.

'ತೀರ್ಥ' ಎಂಬ ಹೆಸರನ್ನು ನಿಮ್ಮ ಆಫೀಸಿನವರು ಹುಟ್ಟಿಸಿದರೆಂದು ತಿಳಿದಿದ್ದೀಯಾ? ಅದು ನಮ್ಮ ಮನೆಯ ಶಬ್ದ. ಪ್ಲೇಗಿನ ವರ್ಷ ಅಪ್ಪನಿಗೆ ಜ್ವರ ಬಂದು ಬದುಕಿದ್ದೇ ಹೆಚ್ಚು. ಶಕ್ತಿ ಬರಲೆಂದು ಡಾಕ್ಟರು ದಿನಾ ಎರಡು ಚಮಚೆ ಬ್ರಾಂಡಿ ಹೇಳಿದರು. ಜ್ವರ ಹೋಯಿತು, ಬ್ರಾಂಡಿ ಉಳಿಯಿತು. ಎರಡು ಚಮಚೆ ಅರ್ಧ ಸೀಸೆಯಾಯಿತು. ಕಚೇರಿಯಲ್ಲಿ ಅಪ್ಪನ ಕೈಯಿಂದ ದಸ್ತಾವೇಜು ಬರೆಸುವುದನ್ನು ನಿಲ್ಲಿಸಿದರು. ನೀರಿನ ಲೋಟ ತುಟಿಗೆ ಮುಟ್ಟುವುದರೊಳಗೆ ಅರ್ಧ ಚೆಲ್ಲುತ್ತಿತ್ತು. ಓಣಿಯವರಿಗೆ ತಿಳಿಯಬಾರದೆಂದು ಅವ್ವ ಅದಕ್ಕೆ ತೀರ್ಥ ಎಂದು ಹೆಸರಿಟ್ಟಳು, ಆ ಉದ್ಧರಣೆಯನ್ನು ದೇವರ ಮನೆಯಿಂದ ತಂದು ಗೂಡಿನಲ್ಲಿ ಇಟ್ಟಳು. ಇಪ್ಪತ್ತೊಂದು, ಹದಿನಾರು, ಹನ್ನೆರಡು. ಆ ವ್ರತ ಯಾವ ಪುರಾಣದಲ್ಲೂ ಇಲ್ಲ, ಅವ್ವನ ತಲೆಯಲ್ಲಿ ಹುಟ್ಟಿದ್ದು. ಅವಳು ಮುಖ ತಿರುಗಿಸಿ ಕೂಡುತ್ತಿದ್ದಳು, ಎಣಿಸಿ ಹಾಕುತ್ತಿದ್ದವಳು ನಾನು. ನನಗೆ ಹನ್ನೆರಡು ವರ್ಷ. ನೀನು ನಾಲ್ಕು ವರ್ಷದವನು, ಬಾಜುವಿಗೆ ಕೂತು ನನ್ನ ಜೊತೆ ಎಣಿಸುತ್ತಿದ್ದೆ. ನೀನು ಎಣಿಕೆ ಕಲಿತದ್ದೇ ಹಾಗೆ. ಬಹಳ ದಿನ ಇಪ್ಪತ್ತೊಂದರ ಮುಂದೆ ನಿನಗೆ ಬರುತ್ತಿರಲಿಲ್ಲ.

ಅಪ್ಪ ಎರಡು ಸಲ ಎಡವಿದರು. ಮೂರನೆಯ ಸಲ ಮೂರಕ್ಕೆ ಬಂದು ನಿಂತರು. ಅದರ ಮುಂದಿನ ವರ್ಷ ನಿನಗೆ ಮರಳಿನಲ್ಲಿ ಅಕ್ಷರ ತಿದ್ದಿಸಿದರು. ಧಾರವಾಡದವರು ಹೊಗಳಿದ ಆ ಕೈ ಹುಟ್ಟಿದಾಗಿನಿಂದ ಗಟ್ಟಿ ಇದ್ದ ಕೈ ಅಲ್ಲ ಯಜ್ಞಾ. ಒಂದೊಂದು ಉದ್ಧರಣೆ ಕಡಿಮೆ ಮಾಡಿ ಮರಳಿ ಗಳಿಸಿದ ಕೈ. ನಿನಗೆ ಬಂದದ್ದು ಅದೇ. ನಿನಗೆ ಯೋಗ್ಯತೆ ಇಲ್ಲ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ತಡೆಯಲಾಗಲಿಲ್ಲ. ಆ ಮಾತಿನ ಸಲುವಾಗಿಯೇ ಇಷ್ಟೆಲ್ಲ ಬರೆದೆ.

ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತೀ. "ಕುಡಿಯುತ್ತೀಯಾ?" ಎಂದು ಕೇಳಿದ್ದರೆ ನೀನು ಮರುಟಪಾಲಿಗೆ "ಇಲ್ಲ" ಎಂದು ಬರೆಯುತ್ತಿದ್ದೆ, ನಿನ್ನನ್ನು ಬಲ್ಲೆ. ನೀನಾಗಿ ಹೇಳುವವರೆಗೆ ಕಾಯ್ದೆ. ನೀನು ಹೇಳುವುದು ತಡವಾಯಿತೆಂದು ಅತ್ತೆಯವರ ಹೆಸರಿನಲ್ಲಿ ನಾನೇ ತೀರ್ಥ ಕೇಳಿದೆ. ಅವರಿಗೆ ಏನೂ ಗೊತ್ತಿಲ್ಲ. ದೀಪಾವಳಿಗೇ ಲಕ್ಷ್ಮೀಬಾಯಿಗೆ ಬೇರೆ ಕಾಗದ ಬರೆದು ಸಾಹೇಬರ ಮಾತು ತಿಳಿಸಿದೆ, ಗಟ್ಟಿಯಾಗಿ ಎಣಿಸು ಎಂದೆ. ಅವಳ ಮೇಲೆ ಸಿಟ್ಟಾಗಬೇಡ. ಕಾಗದಕ್ಕೊಮ್ಮೆ ನೀನು ನನ್ನನ್ನು 'ತೀರ್ಥರೂಪ' ಎಂದು ಕರೆದಾಗ ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ಇನ್ನು ಮುಂದೆ ಬರೇ ಅಕ್ಕಾ ಅನ್ನು.

ಉದ್ಧರಣೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆ. ಯುಗಾದಿಯ ದಿನ ದೇವರ ಮನೆಗೆ ಒಯ್ಯು. ಅಪ್ಪನಿಗೆ ಅದು ಆಗಲಿಲ್ಲ, ಅವರು ಕಡೆಯವರೆಗೂ ಮೂರರಲ್ಲೇ ಇದ್ದರು. ನಿನಗೆ ಆದರೆ ಆಗಲಿ. ಆಗದಿದ್ದರೆ ಮೂರೇ ಇರಲಿ, ನಾನು ಏನೂ ಅನ್ನುವುದಿಲ್ಲ. ಏಪ್ರಿಲ ಒಂದಕ್ಕೆ ನಿನ್ನ ಕೈ ನಡುಗುವುದಿಲ್ಲ.

ಅಕ್ಕ


ಹಳೇ ಹುಬ್ಬಳ್ಳಿ
೪ ಏಪ್ರಿಲ ೧೯೩೫, ಯುಗಾದಿ

ಅಕ್ಕಾ,

ನಿನ್ನ ಕಾಗದ ಮೂವತ್ತೊಂದಕ್ಕೆ ಬಂತು. ಓದಿ ಮಾಳಿಗೆಯ ಮೇಲೆ ಹೋಗಿ ಬಹಳ ಹೊತ್ತು ಕುಳಿತೆ. ಅಪ್ಪನ ಬೆರಳು ನನ್ನ ಬೆರಳಿನ ಮೇಲೆ ಇದ್ದದ್ದು ಈಗ ಬೇರೆ ರೀತಿ ನೆನಪಾಗುತ್ತದೆ. ಅವರು ಅವಸರ ಮಾಡುತ್ತಿರಲಿಲ್ಲ, ಪ್ರತಿ ಅಕ್ಷರದ ಕಡೆಗೆ ಸ್ವಲ್ಪ ನಿಲ್ಲುತ್ತಿದ್ದರು. ಯಾಕೆಂದು ಈಗ ತಿಳಿಯಿತು.

ಒಂದನೆಯ ತಾರೀಖಿಗೆ ಮುಂಜಾನೆ ಹತ್ತಕ್ಕೆ ಮೇಜಿನ ಮುಂದೆ ಕುಳಿತೆ. ಸಾಹೇಬರು ಹಿಂದೆ ನಿಂತಿದ್ದರು. ಮನಸ್ಸಿನಲ್ಲಿ ಇಪ್ಪತ್ತೊಂದರವರೆಗೆ ಎಣಿಸಿ ಸುರು ಮಾಡಿದೆ. ಮೂರೂವರೆಗೆ ಸೇತುವೆ ಮುಗಿಯಿತು. ಸಾಹೇಬರು ಬೆಳಕಿಗೆ ಹಿಡಿದು ನೋಡಿ, ಮುಂದಿನ ನಕಾಶೆಯನ್ನು ತಂದು ನನ್ನ ಮೇಜಿನ ಮೇಲೆ ಹಾಸಿ ಹೋದರು. ಕಮರುದ್ದೀನ ಸಾಹೇಬರು, "ಇನ್ನ ನನ್ನ ಊಟದ ಸುಟ್ಟಿ ನನಗ ವಾಪಸ ಬಂತು" ಎಂದು ಡಬ್ಬಿ ಬಿಚ್ಚಿ ನನ್ನ ಬಾಯಿಗೆ ಮೊದಲ ತುತ್ತು ಇಟ್ಟರು.

ಇವತ್ತು ಬೇವು ಬೆಲ್ಲ ಆದ ಮೇಲೆ ಲಕ್ಷ್ಮಿ ಉದ್ಧರಣೆಯನ್ನು ತೊಳೆದು ದೇವರ ಮುಂದೆ ಇಟ್ಟಳು. ಅದರಿಂದ ಮೂರು ಸಲ ತೀರ್ಥ ತೆಗೆದುಕೊಂಡೆ. ತುಳಸಿಯ ವಾಸನೆ ಇತ್ತು. ಗೂಡಿನಲ್ಲಿ ಈಗ ಅಳತೆ ಇಲ್ಲ. ಅಳತೆ ಇಲ್ಲದ್ದನ್ನು ತೆಗೆದುಕೊಳ್ಳಬಾರದೆಂದು ನಿನ್ನ ವ್ರತದಲ್ಲೇ ಇದೆ. ನಾಳೆ ಏನಾಗುತ್ತದೋ ಗೊತ್ತಿಲ್ಲ, ಇವತ್ತು ಬೇಕೆನಿಸಲಿಲ್ಲ. ಸೀಸೆಯನ್ನು ತೊಳೆದು ಲಕ್ಷ್ಮಿ ದೀಪದ ಎಣ್ಣೆ ತುಂಬಿಸಿದ್ದಾಳೆ.

ಇಂದುವಿನ ಚೈತ್ರದ ರಂಗೋಲಿ ಇದರ ಜೊತೆಗಿದೆ. ಆನೆ ಸ್ವಲ್ಪ ದಪ್ಪವಾಯಿತು, ನನ್ನಂತೆ ಅದಕ್ಕೂ ಭಕ್ಕರಿ ಸೇರುತ್ತಿರಬೇಕು. ಎಲ್ಲಿಯೂ ಸ್ಕೇಲು ಹಿಡಿದಿಲ್ಲ. ನೀನು ನಂಬದಿದ್ದರೆ ಎಂದು, ಕೆಳಗಿನ ಗೆರೆಯನ್ನು ಲಕ್ಷ್ಮಿಯ ಎದುರಿಗೆ ಉಸಿರು ಹಿಡಿದು ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಎಳೆದಿದ್ದೇನೆ. ಬೆರಳಿಟ್ಟು ನೋಡು.

ನಿನ್ನ ಯಜ್ಞ

————————————————————